ಮೂರನೇ ಹೆಜ್ಜೆ

"ಮತ್ತೆ ಕೈ ಎತ್ತಿದೆ!" ಡೆಲ್‌ರಾಯ್ ಗದರಿದ. "ಮೂರನೇ ಹೆಜ್ಜೆಗೆ ಎರಡೂ ಅಂಗೈ ನೆಲಕ್ಕಂಟಿರಬೇಕು ಅಂತ ಎಷ್ಟು ಸಲ ಬಡ್ಕೊಳ್ಳಲಿ, ಮಾರಾಯ್ತಿ? ನಾಳೆ ಇಡೀ ಬ್ರಾಂಕ್ಸ್ ಬಡಾವಣೆ ನೋಡ್ತಿರುತ್ತೆ."

ಇವೆಲಿಸ್ ತನ್ನ ಎಡಗೈಯನ್ನು ತಿರುಗಿಸಿ ನೋಡಿಕೊಂಡಳು. ನಾಳೆಗೆ ಅಣ್ಣ ಎಫ್ರಾಯಿನ್ ಸತ್ತು ಒಂದು ವರ್ಷ. ಅವನೂ ಡೆಲ್‌ರಾಯ್‌ನೂ ಕುಣಿಯುತ್ತಿದ್ದ ಹಿಪ್‌ಹಾಪ್ ತಂಡದವರು ಸುತ್ತುಗಟ್ಟಿ ನಿಂತಾಗ ಮೊದಲು ನಡುವಿಗಿಳಿದು, ಕೈ ನೆಲಕ್ಕೂರಿ ಕಾಲು ತಿರುಗಿಸುವ ಆರು ಹೆಜ್ಜೆ ಸುತ್ತಬೇಕಾದವರು ಮನೆಯವರೇ. ಅದು ಅವರ ಪದ್ಧತಿ. ಅದಕ್ಕೆಂದೇ ನಲವತ್ತರ ವಯಸ್ಸಿನಲ್ಲಿ, ಈ ತಣ್ಣನೆಯ ನೆಲಮಾಳಿಗೆಯಲ್ಲಿ, ಅಣ್ಣ ಮೂವತ್ತು ವರ್ಷ ಕುಣಿದ ಲಿನೋಲಿಯಂ ಹಾಸಿನ ಮೇಲೆ ಅವಳು ಕುಕ್ಕರುಗಾಲಲ್ಲಿ ಕೂತಿದ್ದಳು.

"ಬೇಕಂತ ಎತ್ತಲ್ಲ ಡೆಲ್‌ರಾಯಣ್ಣ. ಅದೇ ಏಳುತ್ತೆ."

ಡೆಲ್‌ರಾಯ್ ಅವಳ ಪಕ್ಕದಲ್ಲಿ ಕುಕ್ಕರಿಸಿದ. ಆಮೇಲೆ ಮೆಲ್ಲಗೆ, "ನಿಮ್ಮಣ್ಣಂಗೆ ಎಡ ಮಣಿಕಟ್ಟು ಮುರಿದಿತ್ತಲ್ಲ, ಅವನೂ ಅಲ್ಲೇ ಎತ್ತೋನು. ಎಷ್ಟು ಬೈದರೂ ಬಿಡಲಿಲ್ಲ. ನೀನು ಅವನನ್ನ ನೋಡಿ ಕಲ್ತಿದ್ದೀಯ," ಎಂದ.

"ಅವನು ಕುಣಿದಿದ್ದನ್ನ ನಾನು ಒಂದು ದಿನಾನೂ ನೋಡಿಲ್ಲ. ಚಿಕ್ಕೋಳಿದ್ದಾಗ ಅಮ್ಮ ಬಿಡ್ತಿರಲಿಲ್ಲ, ಆಮೇಲೆ ನಾನೇ ಬರಲಿಲ್ಲ."

ಇಬ್ಬರೂ ಹಾಸನ್ನು ನೋಡಿದರು. ಎಲ್ಲೆಡೆ ಸವೆದು ಕಪ್ಪಾಗಿದ್ದ ಅದರಲ್ಲಿ ಮೂರನೇ ಹೆಜ್ಜೆಗೆ ಎಡಗೈ ಊರಬೇಕಾದಲ್ಲಿ, ಅಂಗೈಯಗಲದ ಒಂದು ಜಾಗ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು.

ಅವಳು ಮತ್ತೆ ಸುತ್ತಿದಳು. ಒಂದು, ಎರಡು. ಮೂರಕ್ಕೆ, "ಕೈ ಇಡೋ, ಎಫ್ರಾಯಿನ್!" ಎಂದು ಡೆಲ್‌ರಾಯ್ ಹಳೆಯ ರೂಢಿಯಲ್ಲಿ ಕೂಗಿಬಿಟ್ಟ. ಈ ಸಲ ಕೈ ಇಳಿಯಿತು. ಹಾಸೆಲ್ಲ ಮಂಜುಗಡ್ಡೆಯಂತಿತ್ತು, ಆ ಹೊಳೆಯುವ ಜಾಗ ಮಾತ್ರ, ಯಾರೋ ಈಗಷ್ಟೇ ಅಂಗೈ ಎತ್ತಿದ ಹಾಗೆ, ಬೆಚ್ಚಗಿತ್ತು.