ಮಡಚುವ ಮಂಚ

"ಮೂರು ಯಾಕಕ್ಕ? ಎರಡು ಸಾಕು," ಎಂದಳು ಗುಬ್ಬಿ.

ಅಕ್ಕನ ಕೈಯಲ್ಲಿದ್ದ ಯಂತ್ರ ಆಗಲೇ ಕೀಂ ಎಂದಿತ್ತು. ಅಂಗಡಿಯ ಮೊದಲ ಮಹಡಿಯಲ್ಲಿ ಮದುವೆ ಉಡುಗೊರೆಗೆಂದೇ ಒಂದು ಕೌಂಟರು. ಮದುವೆಯಾಗುವವರು ಬಂದು ತಮಗೆ ಬೇಕಾದ ಸಾಮಾನನ್ನು ಆರಿಸಿಟ್ಟು ಹೋಗಬೇಕು, ನೆಂಟರಿಷ್ಟರು ಅದರಲ್ಲೇ ಒಂದೊಂದನ್ನು ಕೊಂಡು ಕೊಡುತ್ತಾರೆ. ಮನೆತುಂಬ ಗೋಡೆ ಗಡಿಯಾರಗಳೇ ಬಂದು ಬೀಳುವ ಕಾಟವಿಲ್ಲ. ಆರಿಸಲು ಕೈಗೊಂದು ಪುಟ್ಟ ಯಂತ್ರ. ಸಾಮಾನಿನ ಚೀಟಿಗೆ ಹಿಡಿದು ಹಸಿರು ಗುಂಡಿ ಒತ್ತಿದರೆ ಸೇರಿತು, ಕೆಂಪು ಒತ್ತಿದರೆ ಹೋಯಿತು. ಗುಬ್ಬಿಯನ್ನು ಮದುವೆಯಾಗುವ ಹುಡುಗನಿಗೆ ರಜೆ ಸಿಕ್ಕಿರಲಿಲ್ಲ. "ನಿಮ್ಮಕ್ಕನ್ನ ಕರ್ಕೊಂಡು ಹೋಗು, ಅವರಿಗಿಂತ ಚೆನ್ನಾಗಿ ಯಾರು ನೋಡ್ತಾರೆ?" ಎಂದಿದ್ದನಂತೆ.

ಆ ಮಾತಿಗೆ ಅಕ್ಕ ಉಬ್ಬಿಹೋಗಿದ್ದಳು. ಪರದೆ, ದಿಂಬಿನ ಕವರು ಹೊಲಿದೇ ತಂಗಿಯನ್ನು ಸಾಕಿದವಳು ಅವಳು. ಇಲ್ಲಿ ಕೈಗೆ ಸಿಕ್ಕ ಟವೆಲನ್ನೆಲ್ಲ ಒಳಮೈ ತಿರುಗಿಸಿ, ಅಂಚು ಎಳೆದು ನೋಡಿ, "ಥೂ, ಇದೂ ಒಂದು ಹೊಲಿಗೆನಾ! ಎರಡು ಸಲ ಒಗೆದ್ರೆ ನಾರು ನಾರು," ಎನ್ನುತ್ತಿದ್ದಳು. ಕೌಂಟರಿನಾಕೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಅಮ್ಮ ತೀರಿಕೊಂಡ ವರ್ಷ ಗುಬ್ಬಿ ಅಕ್ಕನ ಕೊರಳಿಗೆ ಜೋತುಬಿದ್ದು, "ನಾನು ಮದ್ವೆ ಆದ್ರೂ ನೀನೂ ಬರ್ಬೇಕು, ಬರ್ದೇ ಇದ್ರೆ ನಾನು ಹೋಗಲ್ಲ," ಎಂದು ಹಟ ಮಾಡಿದ್ದಳು. ಮಗುವಿನ ಮಾತನ್ನು ಯಾರು ಗಂಟು ಕಟ್ಟಿ ಇಟ್ಟುಕೊಳ್ಳುತ್ತಾರೆ? ಅಕ್ಕ ಇಟ್ಟುಕೊಂಡಿದ್ದಳು. ಹುಡುಗ ಹೊಸ ಮನೆ ಹಿಡಿದ ದಿನ ಗುಬ್ಬಿ ಓಡಿಬಂದು, "ಬಾಲ್ಕನೀಲಿ ಎಂಥಾ ಬೆಳಕು ಗೊತ್ತಾ ಅಕ್ಕ! ನಿನ್ನ ಮಿಷನ್ ಅಲ್ಲಿದ್ರೆ ಕನ್ನಡಕವೇ ಬೇಡ," ಅಂದಳು. ಅಷ್ಟು ಸಾಕಾಯಿತು. ಮಾರನೆಯ ದಿನವೇ ಅಕ್ಕ ಮನೆಯೊಡತಿಯ ಬಾಗಿಲು ತಟ್ಟಿ, ಮದುವೆ ಮುಗಿದ ತಿಂಗಳೇ ತಾವಿಬ್ಬರೂ ಇದ್ದ ಬಾಡಿಗೆ ಕೋಣೆ ಖಾಲಿ ಮಾಡುತ್ತೇವೆಂದು ಹೇಳಿಬಿಟ್ಟಳು. ಮನೆಯೊಡತಿಯೂ ತಡಮಾಡದೆ ಬೇರೆಯವರಿಗೆ ಮಾತು ಕೊಟ್ಟಾಗಿತ್ತು. ತಂಗಿಗೆ ಇದನ್ನು ಹೇಳಿರಲಿಲ್ಲ. ಗೊತ್ತಿದ್ದದ್ದನ್ನೇ ಹೇಳುವುದೇನು ಎಂದುಕೊಂಡಿದ್ದಳು, ಪಾಪ.

ಹಾಗಾಗಿ ಅವಳು ಎಲ್ಲವನ್ನೂ ಮೂರು ಮೂರೇ ಆರಿಸುತ್ತಿದ್ದಳು. ಮೂರು ಲೋಟ, ಮೂರು ಹೊದಿಕೆ, ಮೂರು ದಿಂಬು. ಗುಬ್ಬಿ ಪ್ರತಿಸಲವೂ ಯಂತ್ರ ಕಸಿದು ಕೆಂಪು ಗುಂಡಿ ಒತ್ತಿ ಒಂದನ್ನು ತೆಗೆಯುತ್ತಿದ್ದಳು. "ನಿನಗೆ ಲೆಕ್ಕ ಬರಲ್ವಾ? ನಾವಿರೋದು ಎಷ್ಟು ಜನ?" ಎಂದು ಕೆನ್ನೆ ಹಿಂಡುತ್ತಿದ್ದಳು. ಒಡೆದುಹೋದರೆ ಇರಲಿ ಎಂದು ಒಂದು ಜಾಸ್ತಿ ಆರಿಸಿದೆ ಅಂದಳು ಅಕ್ಕ. ದಿಂಬು ಒಡೆಯುತ್ತದೆಯೇ? ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಕೊನೆಯ ಸಾಲಿನಲ್ಲಿ ಕಬ್ಬಿಣದ ಮಡಚುವ ಮಂಚವೊಂದಿತ್ತು. ಒಬ್ಬರು ಮಲಗುವಷ್ಟು ಅಗಲ. ಅಕ್ಕ ಅದರ ಮೇಲೆ ಕೂತು ನೋಡಿದಳು, ಕಿರುಗುಟ್ಟಲಿಲ್ಲ. ಹಸಿರು ಗುಂಡಿ ಒತ್ತಿದಳು.

"ಇದು ಯಾರಿಗಕ್ಕ?" ಗುಬ್ಬಿ ನಕ್ಕಳು.

'ನನಗೆ' ಎಂಬ ಮಾತು ಅಕ್ಕನ ನಾಲಿಗೆ ತುದಿಗೆ ಬಂತು. "ಯಾರಾದ್ರೂ ಬಂದ್ರೆ ಇರ್ಲಿ ಅಂತ," ಎಂದಳು.

"ಯಾರಕ್ಕ ಬರ್ತಾರೆ? ಅವರ ಕಡೆಯೋರೆಲ್ಲ ಇದೇ ಊರಲ್ಲೇ ಇದಾರೆ."

"ನಾನು ಬರ್ತೀನಲ್ಲೇ."

"ನೀನು ಬಂದ್ರೆ ಸಂಜೆ ಬಸ್ಸಿಗೆ ಹೊರಟ್ಬಿಡ್ತೀಯ, ನನಗೆ ಗೊತ್ತಿಲ್ವಾ? ನಿನ್ನ ದಿಂಬಿಲ್ಲದೆ ನಿನಗೆಲ್ಲಿ ನಿದ್ದೆ ಬರುತ್ತೆ?"

ಅಕ್ಕ ಮಂಚದ ಮೇಲಿಂದ ಎದ್ದಳು. ಕೌಂಟರಿನಾಕೆ ನಗುವುದನ್ನು ನಿಲ್ಲಿಸಿ ಅವಳ ಮುಖ ನೋಡಿದಳು. "ಇರಲಿ ಬಿಡಮ್ಮ," ಎಂದಳು ಗುಬ್ಬಿಗೆ. "ಏನೂ ಜಾಗ ತಿನ್ನಲ್ಲ. ಮಡಚಿ ಬಾಗಿಲ ಹಿಂದೆ ಇಟ್ಟುಬಿಟ್ರೆ ಮನೇಲಿ ಇದೆ ಅಂತಾನೇ ಗೊತ್ತಾಗಲ್ಲ."

"ಬಾಗಿಲ ಹಿಂದೆ ಅವರ ಸೈಕಲ್ ಇರುತ್ತಲ್ಲ!" ಗುಬ್ಬಿ ಕಣ್ಣರಳಿಸಿ ಹೇಳಿದಳು. ಅವಳಲ್ಲಿ ಕೆಟ್ಟದ್ದೇನೂ ಇರಲಿಲ್ಲ, ದೇವರಾಣೆ. ಸುಖದಲ್ಲಿದ್ದವರಿಗೆ ಅಕ್ಕಪಕ್ಕ ಕಾಣುವುದಿಲ್ಲ, ಅಷ್ಟೇ. ಅವಳು ಯಂತ್ರಕ್ಕೆ ಕೈ ಚಾಚಿದಳು. ಈ ಸಲ ಅಕ್ಕ ಕೊಡಲಿಲ್ಲ. ತಾನೇ ಬಗ್ಗಿ, ಮಂಚದ ಕಾಲಿಗೆ ಕಟ್ಟಿದ್ದ ಚೀಟಿಗೆ ಹಿಡಿದು ಕೆಂಪು ಗುಂಡಿ ಒತ್ತಿದಳು.

"ಹೋಯ್ತಾ?" ಎಂದು ಕೌಂಟರಿನಾಕೆಯನ್ನು ಕೇಳಿದಳು.

"ಹೋಯ್ತು," ಎಂದಳು ಆಕೆ ಮೆಲ್ಲಗೆ.

ಕೆಳಗಿಳಿಯುವಾಗ ಗುಬ್ಬಿ ಅಕ್ಕನ ತೋಳಿಗೆ ತೋಳು ಸೇರಿಸಿಕೊಂಡಳು. ಹೇಳಿಬಿಡಲೇ ಎಂದುಕೊಂಡಳು ಅಕ್ಕ. ಹೇಳಿದರೆ ಇವಳು ಇಲ್ಲೇ ನಿಂತು ಅಳುತ್ತಾಳೆ, ಮೇಲಕ್ಕೋಡಿ ಆ ಮಂಚವನ್ನು ಮತ್ತೆ ಸೇರಿಸುತ್ತಾಳೆ. ಆಮೇಲೆ ಜೀವನವಿಡೀ ಆ ಸೈಕಲ್ಲನ್ನು ಎಲ್ಲಿಡುವುದೆಂದು ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ.

"ಅಕ್ಕ, ಇಷ್ಟು ವರ್ಷ ನನ್ನ ಕಾಟ ತಡ್ಕೊಂಡೆ. ಇನ್ಮೇಲೆ ಇಡೀ ಕೋಣೆ ನಿಂದೇ, ಕಾಲು ಚಾಚಿ ಮಲ್ಕೋ. ಮೊದ್ಲು ಆ ಕೊಳಕು ಗೋಡೆಗೆ ಒಂದು ಬಣ್ಣ ಹೊಡೆಸು."

ಅಕ್ಕ ಮೆಟ್ಟಿಲ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಯಾವ ಬಣ್ಣ ಹೊಡೆಸ್ಲಿ?" ಎಂದಳು. "ನೀನೇ ಹೇಳು."