ಬರೇ ಒಂದು ‘ಹೂಂ’

ಒಂಬತ್ತು ದಿನದಿಂದ ತುಟಿ ಬಿಚ್ಚದೆ ಮಲಗಿದ್ದ ಮುದುಕ, ಶರಣು ಮಂಚದ ಹತ್ತಿರ ಬಂದು ನಿಂತದ್ದೇ ತಡ, ಕಣ್ಣು ತೆರೆದು, "ಬಂದಿ ಏನೋ ತಮ್ಮಾ?" ಎಂದ.

ವಾರ್ಡಿನಲ್ಲಿ ಮಧ್ಯಾಹ್ನದ ಊಟದ ತಟ್ಟೆಗಳ ಸದ್ದಿತ್ತು. ಆದರೂ ಆ ಮಾತು ಶರಣುವಿಗೂ ಅವನ ಕಾಕಾ ಮುರಿಗೆಪ್ಪನಿಗೂ ಸ್ಪಷ್ಟವಾಗಿ ಕೇಳಿಸಿತು. ಮುರಿಗೆಪ್ಪ ಮುಂಬೈಯಲ್ಲಿ ಪೊಲೀಸ್ ಹವಾಲ್ದಾರ. ದಾದರ್ ಸ್ಟೇಷನ್ನಿನಲ್ಲಿ ಎಚ್ಚರ ತಪ್ಪಿ ಬಿದ್ದಿದ್ದ ಈ ಮುದುಕನನ್ನು ಪರೇಲಿನ ಈ ಆಸ್ಪತ್ರೆಗೆ ತಂದು ಸೇರಿಸಿದವನು ಅವನೇ. ಮುದುಕನ ಕಿಸೆಯಲ್ಲಿ ಟಿಕೆಟ್ ಇರಲಿಲ್ಲ, ಫೋನ್ ಇರಲಿಲ್ಲ. ಯಾರು, ಎಲ್ಲಿಯವನು, ಒಂದೂ ತಿಳಿದಿರಲಿಲ್ಲ. ಇನ್ನು ಹೆಚ್ಚೆಂದರೆ ಒಂದು ದಿನ ಎಂದು ಡಾಕ್ಟರು ಅಂದು ಬೆಳಿಗ್ಗೆ ಹೇಳಿ ಹೋಗಿದ್ದರು.

ಶರಣು ಬಂದದ್ದು ಬೇರೆ ಕೆಲಸಕ್ಕೆ. ಹನ್ನೆರಡನೇ ಕ್ಲಾಸ್ ಪಾಸಾಗಿದ್ದ. ಅವನು ಪೊಲೀಸ್ ಆಗುವುದಕ್ಕೆ ಮನೆಯಲ್ಲಿ ಯಾರದೂ ತಕರಾರಿರಲಿಲ್ಲ. ತಕರಾರಿದ್ದದ್ದು ದಾರಿಯ ಬಗ್ಗೆ. ಮೊದಲು ಡಿಗ್ರಿ ಮಾಡು, ಪರೀಕ್ಷೆ ಬರೆದು ಸೀದಾ ಸಬ್‌ಇನ್‌ಸ್ಪೆಕ್ಟರ್ ಆಗು ಎಂದು ತಾಯಿ ಭಾಗವ್ವನ ಹಟ. ಮೊದಲು ಅಗ್ನಿವೀರನಾಗಿ ನಾಲ್ಕು ವರ್ಷ ಫೌಜು ನೋಡಿ ಬಾ, ಆಮೇಲೆ ಪೊಲೀಸ್ ಭರ್ತಿ ಎಂದರೆ ಆಟ ಎಂದು ಕಾಕಾನ ವಾದ. ಅವನೂ ಹದಿನೇಳು ವರ್ಷ ಸೈನ್ಯದಲ್ಲಿದ್ದು ಪೊಲೀಸ್ ಸೇರಿದವನು. ಎರಡಕ್ಕೂ ಅರ್ಜಿ ಹಾಕಲು ಸೋಮವಾರವೇ ಕೊನೆಯ ದಿನ. ತಂದೆ ತೀರಿದ ಮೇಲೆ ಮನೆಯ ದೊಡ್ಡ ಮಾತುಗಳೆಲ್ಲ ಕಾಕಾನ ಮುಂದೆಯೇ ತೀರ್ಮಾನವಾಗುತ್ತಿದ್ದುದರಿಂದ ಶರಣು ಆಂಟಾಪ್ ಹಿಲ್‌ನಿಂದ ಬಸ್ಸು ಹಿಡಿದು, ಅವನನ್ನು ಹುಡುಕಿಕೊಂಡು ಇಲ್ಲಿಗೇ ಬಂದಿದ್ದ.

"ನಮ್ಮ ಕಡೆಯಾಂವ ಅದಾನಲೇ!" ಮುರಿಗೆಪ್ಪ ಅವಸರದಿಂದ ಡೈರಿ ತೆಗೆದ. "ನಿನ್ನ ತನ್ನ ಮಗಾ ಅಂತ ತಿಳ್ಕೊಂಡಾನ. ಹೂಂ ಅನ್ನು. ಹೆಸರು, ಊರು ಕೇಳು."

"ಕಾಕಾ, ಸುಳ್ಳು... ಕೈಸೇ ಬೋಲೂಂ? ಮರ್ ರಹಾ ಹೈ ವೋ."

"ಅದಕ್ಕs ಹೇಳಾಕತ್ತೀನಿ. ಸತ್ತ ಮ್ಯಾಲೆ ಯಾರನ್ನ ಕೇಳ್ತಿ? ಇವನ ಮನ್ಯಾಗೂ ಯಾರರೆ ದಾರಿ ನೋಡಾಕತ್ತಿರ್ತಾರ. ಬರೇ ಒಂದು ಹೂಂ, ಅಷ್ಟs."

ಶರಣು ಬಗ್ಗಿದ. ಮುದುಕ ಅವನ ಮಣಿಕಟ್ಟು ಹಿಡಿದುಕೊಂಡ. ಒಂಬತ್ತು ದಿನ ಬರೀ ಸಲೈನ್ ಮೇಲಿದ್ದ ಕೈಗೆ ಅಷ್ಟು ಬಲ ಎಲ್ಲಿತ್ತೋ.

"ಫೌಜಿನಾಗ ರಜಾ ಕೊಟ್ಟರೇನೋ?"

"ಹೂಂ."

"ಥಂಡಿ ಭಾಳ ಇತ್ತೇನೋ ಅಲ್ಲಿ?"

"ಹೂಂ."

"ಪೆಟ್ಟಿಗ್ಯಾಗ ಹಾಕಿ ಕಳಿಸಿದ್ರು. ತೆರೀಬ್ಯಾಡ್ರಿ ಅಂದ್ರು. ನಾ ಅವತ್ತs ಹೇಳೀನಿ, ಇದರಾಗ ಇರಾಂವ ನನ್ನ ಮಗಾ ಅಲ್ಲ, ನನ್ನ ಮಗಾ ಬರ್ತಾನ ಅಂತ."

ಶರಣು ಕೈ ಬಿಡಿಸಿಕೊಳ್ಳಲು ನೋಡಿದ. ಮುರಿಗೆಪ್ಪ ಹಿಂದಿನಿಂದ ಅವನ ಭುಜ ಅದುಮಿ, "ಊರು ಕೇಳು" ಎಂದು ಪಿಸುಗುಟ್ಟಿದ. ಊರು ಕೇಳಬೇಕೆಂದೇ ಶರಣು ಬಾಯಿ ತೆರೆದ. ಬಂದ ಮಾತೇ ಬೇರೆ.

"ಯಪ್ಪಾ, ಅಕ್ಕುನ ಲಗ್ನ ಮಾಡಿದೇನು?"

ಮುರಿಗೆಪ್ಪನ ಪೆನ್ನು ನಿಂತಿತು. ಶರಣು ಮುಂಬೈಯಲ್ಲಿ ಹುಟ್ಟಿದವನು. ನಾಲ್ಕು ಮಾತು ಕನ್ನಡ ಆಡಿದರೆ ಐದನೆಯದಕ್ಕೆ ಹಿಂದಿಗೆ ಜಾರುತ್ತಿದ್ದ. ಈಗ ಮಾತು ಎಲ್ಲೂ ತಡೆದಿರಲಿಲ್ಲ. ದನಿಯೂ ತುಸು ದಪ್ಪವಾಗಿತ್ತು. ಅಕ್ಕು ಎಂಬ ಹೆಸರಿನವರು ಅವರ ಬಳಗದಲ್ಲಿ ಯಾರೂ ಇರಲಿಲ್ಲ.

"ಮಾಡೀನಪಾ. ಇಂಡಿಗಿ ಕೊಟ್ಟೀವಿ." ಮುದುಕನ ಮುಖ ಅರಳಿತು.

"ಬಾಂವಿ ಕಡೀ ಹೊಲ?"

"ಐತಿ. ನಿನ್ನ ಹೆಸರ್ಲೇ ಇಟ್ಟೀನಿ."

"ಇನ್ನ ಮಕ್ಕೊ. ನಾ ಇಲ್ಲೇ ಅದೀನಿ."

ಮುದುಕ ಕಣ್ಣು ಮುಚ್ಚಿದ. ಹಿಡಿತ ತುಸು ತುಸುವಾಗಿ ಸಡಿಲಾಯಿತು. ಸ್ವಲ್ಪ ಹೊತ್ತಿಗೆ ನರ್ಸ್ ಬಂದು ನಾಡಿ ನೋಡಿ ಪರದೆ ಎಳೆದಳು.

ಹೊರಗೆ ಬಂದ ಮೇಲೆ ಕಾಕಾ ಕೇಳಿದ: "ಆ ಹುಡುಗಿ ಹೆಸರು ನಿನಗ ಯಾರ ಹೇಳಿದ್ರು?"

"ಮಾಲೂಮ್ ನಹೀಂ ಕಾಕಾ. ಮೈ ತೋ... ನಾ ಊರು ಕೇಳಾಂವ ಇದ್ದೆ." ಶರಣು ಮಣಿಕಟ್ಟು ಉಜ್ಜಿಕೊಳ್ಳುತ್ತಿದ್ದ.

ಮುರಿಗೆಪ್ಪ ಇಂಡಿ ಊರಿನ ಪೊಲೀಸ್ ಠಾಣೆಗೆ ಫೋನ್ ಮಾಡಿದ. ಅಕ್ಕು, ಫೌಜಿನಲ್ಲಿ ತೀರಿಕೊಂಡ ಅಣ್ಣ: ಅಷ್ಟೇ ಸಾಕಾಯಿತು. ಮರುದಿನ ಗಂಡನೊಡನೆ ಬಂದ ಹೆಂಗಸು ಹೆಣದ ಮುಖ ನೋಡಿ, ಹೌದು, ಇವನೇ ನನ್ನಪ್ಪ ಕಾಂತಪ್ಪ ಎಂದಳು. ಅಣ್ಣ ಹಿಮದಲ್ಲಿ ಸಿಕ್ಕಿ ತೀರಿ ಹನ್ನೊಂದು ವರ್ಷವಾಗಿತ್ತಂತೆ. ಅಂದಿನಿಂದ ಅಪ್ಪ ಆಗಾಗ ಮನೆ ಬಿಟ್ಟು, ಫೌಜಿನವರು ಇಳಿಯುವ ಯಾವುದಾದರೂ ಸ್ಟೇಷನ್ನಿಗೆ ಹೋಗಿ ಕೂರುತ್ತಿದ್ದನಂತೆ. "ಕಡೀಕ ಏನರೆ ಅಂದನೇನ್ರಿ?" ಎಂದು ಅವಳು ಕೇಳಿದಾಗ ಮುರಿಗೆಪ್ಪ, "ನೆಮ್ಮದಿಲೆ ಹ್ವಾದ್ನವ್ವಾ" ಎಂದ. ಶರಣುವಿನ ಹೆಸರನ್ನು ಅವನು ಡೈರಿಯಲ್ಲೂ ಬರೆಯಲಿಲ್ಲ.

ಸೋಮವಾರ ಬೆಳಿಗ್ಗೆ ಭಾಗವ್ವ ಚಹಾ ತಂದಾಗ ಮಗ ನೆಲದ ಮೇಲೆ ಕೂತು ಕಾಲೇಜಿನ ಫಾರಂ ತುಂಬುತ್ತಿದ್ದ. ಅವಳಿಗೆ ಹಿಗ್ಗಾಯಿತು. ಜೊತೆಗೆ ಅಂಜಿಕೆಯೂ ಆಯಿತು.

"ಫೌಜಿಂದು ಬಿಟ್ಟೆನೋ? ನಿಮ್ಮ ಕಾಕಾ ಏನಂತಾನೋ ಏನೋ."

ಶರಣು ಬರೆಯುತ್ತಲೇ, ತಲೆ ಎತ್ತದೆ ಹೇಳಿದ: "ಅಲ್ಲಿಗಿ ಒಮ್ಮೆ ಹೋಗಿ ಬಂದೀನಲ್ಲ ಯವ್ವಾ."