ಗಡಿಯಾಚೆಯ ಹಸು

ಕಳಿಸುವ ಗುಂಡಿಯ ಮೇಲೆ ನಿದಿಯಾಳ ಬೆರಳು ತಡೆದು ನಿಂತಿತ್ತು. ಜ್ವಾಲಾಮುಖಿಯ ಅರ್ಧ ಈಕ್ವೆಡಾರಿನದು, ಅರ್ಧ ಕೊಲಂಬಿಯಾದ್ದು. "ನಮ್ಮ ಪ್ರಬಂಧ ಅಚ್ಚಾಗೋವರೆಗೂ ಒಂದು ಅಂಕಿನೂ ಗಡಿ ದಾಟಬಾರದು," ಎಂದು ಈಕ್ವೆಡಾರ್ ಕಡೆಯ ವೀಕ್ಷಣಾಲಯದ ಅವಳ ನಿರ್ದೇಶಕರು ಬೆಳಿಗ್ಗೆಯಷ್ಟೇ ಗದರಿದ್ದರು. ಫೋನಿನಲ್ಲಿ ಕೊಲಂಬಿಯಾ ಕಡೆಯ ವೀಕ್ಷಣಾಲಯದ ಔರೇಲಿಯೊ ಕಾಯುತ್ತಿದ್ದ. "ಇಲ್ಲಿ ಬುಗ್ಗೆ ನೀರು ಬಿಸಿಯಾಗ್ತಿದೆ ನಿದಿಯಾ ಅವ್ರೇ. ಕಳಿಸ್ತೀರೋ, ಪೋಪ್ ಅಪ್ಪಣೆ ಬರ್ಬೇಕೋ?"

"ಕೆಲಸ ಹೋದ್ರೆ ನಿಮ್ಮನೆಗೇ ಆಲೂಗೆಡ್ಡೆ ಸಾರು ಕುಡಿಯಕ್ಕೆ ಬರ್ತೀನಿ," ಎಂದು ಒತ್ತಿಯೇಬಿಟ್ಟಳು.

ಮೂರು ವಾರದ ನಡುಕಗಳ ದಾಖಲೆಯೆಲ್ಲ ಗಡಿ ದಾಟಿ ಹೋಯಿತು. ಎಷ್ಟೋ ನಡುಕಗಳ ಎದುರು ಅವಳೇ 'ಹಸು' ಎಂದು ಬರೆದಿದ್ದಳು. ಬೆಟ್ಟದ ಮೇಲಿನ ಮುದುಕಿ ದೊನ್ಯಾ ಎಡೆಲ್ಮಿರಾಳ ಹಸು ಕಂಪನಮಾಪಕದ ಬೇಲಿಗೆ ಮೈ ಉಜ್ಜಿದಾಗಲೆಲ್ಲ ಗೆರೆ ಹಾಗೆಯೇ ಕುಣಿಯುತ್ತಿತ್ತು. ಅಂಥದ್ದನ್ನು ಎಣಿಸದೆ ಬಿಡುವುದು ರೂಢಿ.

ಔರೇಲಿಯೊ ನಕ್ಕ. "ನಿಮಗೂ ಹಸು ಕಾಟಾನಾ? ನಾವೂ ಹಸು ಅಂತ್ಲೇ ಬರೆದು ಬಿಟ್ಟಿದೀವಿ ಕಣ್ರೀ."

"ಸೋಮವಾರದ್ದು ಎಷ್ಟು ಹೊತ್ತಿಗೆ?"

"ಆರು ಹನ್ನೊಂದು, ನಾಲ್ಕು ಸೆಕೆಂಡು."

ಅವಳ ಪರದೆಯಲ್ಲೂ ಅದೇ ಇತ್ತು. ಮಂಗಳವಾರದ್ದು ತಾಳೆಯಾಯಿತು, ಬುಧವಾರದ್ದೂ ತಾಳೆಯಾಯಿತು. ಔರೇಲಿಯೊನ ನಗು ನಿಂತುಹೋಗಿತ್ತು. "ಎರಡು ದೇಶದ ಹಸು ಒಂದೇ ಗಳಿಗೇಲಿ ಮೈ ಉಜ್ಕೊಳ್ತಾವಾ?"

ನಿದಿಯಾ ಆಗಲೇ ಇನ್ನೊಂದು ಫೋನು ಎತ್ತಿಕೊಂಡಿದ್ದಳು. "ದೊನ್ಯಾ ಎಡೆಲ್ಮಿರಾ, ಹಸು ಬಿಚ್ಕೊಂಡು ಕೆಳಗಿಳೀರಿ. ಈಗ್ಲೇ."

"ಯಾವ ಹಸು ಮಗಳೇ?" ಎಂದಳು ಮುದುಕಿ. "ಅದನ್ನ ಹೋದ ತಿಂಗಳೇ ಮಾರ್ಬಿಟ್ನಲ್ಲಾ."